ಕಾಲರಾದ ಗುಟ್ಟನ್ನು ಕರುಳಿನಲ್ಲೇ ಹುಡುಕಿದ ಡಾ. ಶಂಭುನಾಥ ಡೇ

ವಾಂತಿಭೇದಿ ಕಾಲಿಟ್ಟಿತೆಂದರೆ ಊರಿಗೆ ಊರೇ ಬರಿದಾಗುತ್ತಿದ್ದ ಕಾಲವೊಂದಿತ್ತು. ಬೆಳಿಗ್ಗೆ ಹೊಲಕ್ಕೆ ಹೋದ ಗಟ್ಟಿಮುಟ್ಟಾದ ಆಳು ಸಂಜೆಯ ಹೊತ್ತಿಗೆ ಕಣ್ಣು ಗುಳಿಬಿದ್ದು, ಚರ್ಮ ಸುಕ್ಕುಗಟ್ಟಿ, ದನಿ ಉಡುಗಿ ಕೊನೆಯುಸಿರೆಳೆಯುತ್ತಿದ್ದ. ಜನ ಅದನ್ನು ಮಾರಿಯ ಮುನಿಸೆಂದು ತಿಳಿದು ಹರಕೆ ಹೊರುತ್ತಿದ್ದರು. ಇಂದು ಅದೇ ರೋಗವನ್ನು ಔಷಧಿ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಉಪ್ಪು-ಸಕ್ಕರೆಯ ಪೊಟ್ಟಣವೊಂದು ಬಹುಮಟ್ಟಿಗೆ ತಡೆದು ನಿಲ್ಲಿಸುತ್ತದೆ. ಈ ಎರಡು ಕಾಲಗಳ ನಡುವಿನ ಸೇತುವೆಯನ್ನು ಕಟ್ಟಿದವರು ಹಲವರು. ಅವರಲ್ಲಿ ಒಬ್ಬರು ಕಲ್ಕತ್ತೆಯ ರೋಗವಿಜ್ಞಾನಿ ಡಾ. ಶಂಭುನಾಥ ಡೇ. ಜಗತ್ತಿನ ವೈದ್ಯವಿಜ್ಞಾನ ಅವರ ಹೆಸರನ್ನು ಗೌರವದಿಂದ ಸ್ಮರಿಸುತ್ತದೆ. ಆದರೆ ಅವರ ಜೀವಿತಕಾಲದಲ್ಲಿ ಅವರ ದೇಶ ಅವರನ್ನು ಗುರುತಿಸಲಿಲ್ಲ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಶಂಭುನಾಥರು 1915ರ ಫೆಬ್ರವರಿ 1ರಂದು ಬಂಗಾಳದ ಹೂಗ್ಲಿ ಜಿಲ್ಲೆಯ ಗರಿಬಾಟಿ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ದಾಶರಥಿ ಡೇ ಅವರದು ಅಷ್ಟೇನೂ ಕೈಹಿಡಿಯದ ಸಣ್ಣ ವ್ಯಾಪಾರ. ಮನೆಯ ಸ್ಥಿತಿ ಸಾಧಾರಣ. ಹುಡುಗನ ಓದಿನ ಹಂಬಲಕ್ಕೆ ಆಸರೆಯಾಗಿ ನಿಂತವರು ಚಿಕ್ಕಪ್ಪ ಆಶುತೋಷ ಡೇ. ಊರಿನ ಶಾಲೆಯಲ್ಲಿ ಉತ್ತಮ ಅಂಕಗಳೊಡನೆ ಮೆಟ್ರಿಕ್ ಮುಗಿಸಿದ ಶಂಭುನಾಥರು ವಿದ್ಯಾರ್ಥಿವೇತನದ ನೆರವಿನಿಂದ ಹೂಗ್ಲಿಯ ಮೊಹ್ಸಿನ್ ಕಾಲೇಜನ್ನು ಸೇರಿದರು. ಅಲ್ಲಿಂದ ಮುಂದೆ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಅವರಿಗೆ ಪ್ರವೇಶ ದೊರೆಯಿತು. ಹಳ್ಳಿಯ ಬಡ ಮನೆತನಕ್ಕೆ ವೈದ್ಯಕೀಯ ಶಿಕ್ಷಣದ ವೆಚ್ಚವನ್ನು ಭರಿಸುವುದು ಸುಲಭವಾಗಿರಲಿಲ್ಲ. ಪ್ರತಿಭೆಯನ್ನು ಮೆಚ್ಚಿದ ಉದಾರಿ ಗೃಹಸ್ಥರೊಬ್ಬರು ನೆರವಾದದ್ದರಿಂದ ಓದು ನಡುವೆ ನಿಲ್ಲಲಿಲ್ಲ.

1939ರಲ್ಲಿ ಎಂ.ಬಿ. ಪದವಿಯನ್ನೂ 1942ರಲ್ಲಿ ಉಷ್ಣವಲಯದ ರೋಗಗಳ ಚಿಕಿತ್ಸೆಯಲ್ಲಿ ಡಿಪ್ಲೊಮಾವನ್ನೂ ಪಡೆದ ಅವರು ತಾವು ಓದಿದ ಕಾಲೇಜಿನಲ್ಲೇ ರೋಗವಿಜ್ಞಾನ ವಿಭಾಗದ ಡೆಮಾನ್‌ಸ್ಟ್ರೇಟರ್ ಆದರು. ಪ್ರಾಧ್ಯಾಪಕ ಬಿ. ಪಿ. ತ್ರಿವೇದಿಯವರ ಕೈಕೆಳಗೆ ಅವರ ಸಂಶೋಧನೆಯ ಮೊದಲ ಪಾಠಗಳು ನಡೆದವು. ಸ್ವಂತ ದವಾಖಾನೆ ತೆರೆದು ಹಣ ಗಳಿಸುವ ದಾರಿ ತೆರೆದೇ ಇದ್ದರೂ ಅವರ ಮನಸ್ಸು ಸೂಕ್ಷ್ಮದರ್ಶಕದ ಕಡೆಗೇ ವಾಲಿತ್ತು.

1947ರಲ್ಲಿ, ದೇಶ ಸ್ವತಂತ್ರವಾದ ವರ್ಷದಲ್ಲೇ, ಅವರು ಲಂಡನ್ನಿಗೆ ತೆರಳಿ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ವೈದ್ಯಕೀಯ ಶಾಲೆಯಲ್ಲಿ ರಾಯ್ ಕ್ಯಾಮರಾನ್ ಅವರ ಶಿಷ್ಯರಾದರು. ಕ್ಯಾಮರಾನ್ ಆ ಕಾಲದ ಹೆಸರಾಂತ ಪ್ರಾಯೋಗಿಕ ರೋಗವಿಜ್ಞಾನಿ. ಮಿದುಳಿನ ವಿಕಾರಗಳಿಂದ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದು ಹೇಗೆಂಬುದು ಅಲ್ಲಿ ಡೇ ಅವರ ಅಧ್ಯಯನದ ವಿಷಯವಾಗಿತ್ತು. 1949ರಲ್ಲಿ ಪಿಎಚ್.ಡಿ. ಪಡೆದು ಅವರು ತಾಯ್ನಾಡಿಗೆ ಮರಳಿದರು. ಲಂಡನ್ನಿನಿಂದ ಅವರು ತಂದದ್ದು ಪದವಿಯೊಂದನ್ನೇ ಅಲ್ಲ. ರೋಗವನ್ನು ಶವಪರೀಕ್ಷೆಯ ಮೇಜಿನ ಮೇಲೆ ನೋಡಿದರೆ ಸಾಲದು, ಅದನ್ನು ಜೀವಂತ ಪ್ರಾಣಿಯಲ್ಲಿ ಹುಟ್ಟಿಸಿ ಪ್ರಶ್ನಿಸಬೇಕು ಎಂಬ ಶಿಸ್ತನ್ನೂ ತಂದಿದ್ದರು.

ಎದುರಿಗಿದ್ದ ಒಗಟು

ಕಲ್ಕತ್ತೆಯ ನೀಲರತನ ಸರ್ಕಾರ್ ಮೆಡಿಕಲ್ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ ಡೇ ಅವರಿಗೆ ಸಂಶೋಧನೆಯ ವಿಷಯವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ಗಂಗೆಯ ಮುಖಜಭೂಮಿ ಕಾಲರಾದ ತವರು. ರೋಗಿಗಳು ಆಸ್ಪತ್ರೆಯ ಬಾಗಿಲಿಗೇ ಬರುತ್ತಿದ್ದರು.

ಆ ರೋಗಿಗಳ ದೇಹದಿಂದ ಹೊರಬೀಳುತ್ತಿದ್ದುದು ಮಲವಲ್ಲ, ಅಕ್ಕಚ್ಚಿನಂಥ ಬಿಳಿಚು ನೀರು. ರೋಗ ಉಲ್ಬಣಿಸಿದಾಗ ಅದು ಗಂಟೆಗೆ ಒಂದು ಲೀಟರಿನವರೆಗೂ ಹೋಗುವುದುಂಟು. 1831ರಷ್ಟು ಹಿಂದೆಯೇ ವಿಲಿಯಂ ಬ್ರೂಕ್ ಓಶಾನೆಸ್ಸಿ ಎಂಬ ತರುಣ ವೈದ್ಯರು ಇಂಗ್ಲೆಂಡಿನಲ್ಲಿ ಕಾಲರಾ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಲವಣವೂ ಕಡಿಮೆಯಾಗಿರುವುದನ್ನು ಕಂಡಿದ್ದರು. ಅವರೇ ಮುಂದೆ 1835ರಲ್ಲಿ ಸ್ಥಾಪನೆಯಾದ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದರು. 1884ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಇದೇ ಕಲ್ಕತ್ತೆಯಲ್ಲಿ ಕುಳಿತು, ಅಲ್ಪವಿರಾಮ ಚಿಹ್ನೆಯ ಆಕಾರದ ರೋಗಾಣುವೇ ಕಾಲರಾಕ್ಕೆ ಕಾರಣವೆಂದು ಸಾರಿದರು. ಆ ರೋಗಾಣು ಒಂದು ವಿಷವನ್ನು ಉಂಟುಮಾಡುತ್ತಿರಬೇಕೆಂದೂ ಅವರು ಊಹಿಸಿದ್ದರು.

ಊಹೆ ಸರಿಯಾಗಿತ್ತು, ಹುಡುಕಿದ ದಾರಿ ತಪ್ಪಿತ್ತು. ಆ ಬಳಿಕ ಸುಮಾರು 70 ವರ್ಷಗಳ ಕಾಲ ಹೆಚ್ಚಿನ ಸಂಶೋಧಕರು ರೋಗಾಣುವನ್ನು ಪ್ರಾಣಿಗಳ ರಕ್ತಕ್ಕೋ ಹೊಟ್ಟೆಯ ಪೊಳ್ಳಿಗೋ ಚುಚ್ಚಿ ನೋಡಿದರು. ಪ್ರಾಣಿಗಳು ಸತ್ತವು. ಆದರೆ ಒಂದಕ್ಕೂ ಕಾಲರಾ ಬರಲಿಲ್ಲ, ಅಕ್ಕಚ್ಚಿನಂಥ ಭೇದಿಯಾಗಲಿಲ್ಲ. ರೋಗಾಣು ಸತ್ತಾಗ ಅದರ ಒಡಲಿನಿಂದ ಹೊರಬರುವ ವಿಷ ರಕ್ತದಲ್ಲಿ ಬೆರೆತು ಇಡೀ ದೇಹವನ್ನು ಕೆಡಿಸುತ್ತದೆ ಎಂಬ ನಂಬಿಕೆ ಪಠ್ಯಪುಸ್ತಕಗಳಲ್ಲಿ ಬೇರೂರಿತು. ಕರುಳಿನ ಒಳಪೊರೆ ಸುಲಿದುಹೋಗುವುದರಿಂದ ನೀರು ಸೋರುತ್ತದೆ ಎಂಬ ಇನ್ನೊಂದು ಹಳೆಯ ಅಭಿಪ್ರಾಯವೂ ಬಲವಾಗಿತ್ತು.

ಡೇ ಅವರು ಮೊದಲು ಕಾಲರಾದಲ್ಲಿ ಮೂತ್ರಪಿಂಡಗಳಿಗಾಗುವ ಹಾನಿಯನ್ನು ಅಭ್ಯಸಿಸಿ 1951ರಲ್ಲಿ ಲೇಖನ ಪ್ರಕಟಿಸಿದರು. ಆಮೇಲೆ ಅವರ ಗಮನ ಮೂಲಸ್ಥಾನಕ್ಕೇ ಹರಿಯಿತು. ರೋಗಾಣು ನೆಲೆಸುವುದು ಕರುಳಿನಲ್ಲಿ, ನೀರು ಹೋಗುವುದು ಕರುಳಿನಿಂದ. ಹಾಗಿದ್ದಮೇಲೆ ರೋಗದ ಗುಟ್ಟು ಕರುಳಿನ ಗೋಡೆಯಲ್ಲೇ ಇರಬೇಕು. ಈಗ ಇದು ಅತ್ಯಂತ ಸರಳವಾಗಿ ತೋರುತ್ತದೆ.

ಕರುಳಿನ ನೀರಿನ ಲೆಕ್ಕ

ಅವರ ಪ್ರಯೋಗದ ಬೆಲೆ ತಿಳಿಯಬೇಕಾದರೆ ಕರುಳು ನಿತ್ಯವೂ ಮಾಡುವ ಕೆಲಸದ ಕಡೆಗೆ ಒಮ್ಮೆ ನೋಡಬೇಕು. ನಾವು ದಿನವೊಂದಕ್ಕೆ ಉಣ್ಣುವ, ಕುಡಿಯುವ ಪದಾರ್ಥಗಳಿಂದ ಕರುಳಿಗೆ ಸೇರುವ ನೀರು ಸುಮಾರು 2 ಲೀಟರು. ಆದರೆ ಜೊಲ್ಲು, ಜಠರರಸ, ಪಿತ್ತರಸ, ಮೇದೋಜೀರಕ ರಸ, ಕರುಳಿನ ಸ್ವಂತ ರಸ ಇವೆಲ್ಲ ಸೇರಿ ಇನ್ನೂ ಸುಮಾರು 7 ಲೀಟರಿನಷ್ಟು ದ್ರವವನ್ನು ದೇಹವೇ ಒಳಗಿನಿಂದ ಸುರಿಯುತ್ತದೆ. ಈ 9 ಲೀಟರಿನಲ್ಲಿ ಬಹುಪಾಲನ್ನು ಸಣ್ಣ ಕರುಳೂ, ಉಳಿದದ್ದರಲ್ಲಿ ಹೆಚ್ಚಿನದನ್ನು ದೊಡ್ಡ ಕರುಳೂ ಮರಳಿ ಹೀರಿಕೊಳ್ಳುತ್ತವೆ. ಕೊನೆಗೆ ಮಲದೊಂದಿಗೆ ಹೊರಹೋಗುವ ನೀರು 100ರಿಂದ 200 ಮಿಲಿಲೀಟರು ಮಾತ್ರ.

ನೀರನ್ನು ನೇರವಾಗಿ ಎಳೆದುಕೊಳ್ಳುವ ಶಕ್ತಿ ಕರುಳಿಗಿಲ್ಲ. ಅದು ಎಳೆದುಕೊಳ್ಳುವುದು ಲವಣವನ್ನು. ನೀರು ಲವಣದ ಬೆನ್ನು ಹತ್ತಿ ಹೋಗುತ್ತದೆ. ಕರುಳಿನ ಒಳಗೋಡೆಯಲ್ಲಿ ಬೆರಳಿನಂಥ ಅಸಂಖ್ಯ ಕುಚ್ಚುಗಳಿವೆ. ಅವುಗಳ ಜೀವಕೋಶಗಳು ಸೋಡಿಯಂ ಅನ್ನು ಕರುಳಿನಿಂದ ಒಳಗೆ ತೆಗೆದುಕೊಂಡು ಹಿಂಬದಿಯಿಂದ ರಕ್ತದ ಕಡೆಗೆ ತಳ್ಳುತ್ತವೆ. ಸೋಡಿಯಂ ಒಳಬರುವ ಬಾಗಿಲುಗಳು ಒಂದಕ್ಕಿಂತ ಹೆಚ್ಚು. ಒಂದು ಬಾಗಿಲಿನಲ್ಲಿ ಅದು ಕ್ಲೋರೈಡಿನೊಡನೆ ಬರುತ್ತದೆ. ಇನ್ನೊಂದರಲ್ಲಿ ಗ್ಲೂಕೋಸಿನ ಕೈಹಿಡಿದು ಬರುತ್ತದೆ. ಕುಚ್ಚುಗಳ ಬುಡದಲ್ಲಿರುವ ಕುಳಿಗಳ ಕೆಲಸ ಇದಕ್ಕೆ ತದ್ವಿರುದ್ಧ. ಅಲ್ಲಿನ ಜೀವಕೋಶಗಳು ಕ್ಲೋರೈಡನ್ನು ಕರುಳಿನೊಳಕ್ಕೆ ಬಿಡುತ್ತವೆ. ಅದರ ಹಿಂದೆ ಸೋಡಿಯಂ, ನೀರು ಎರಡೂ ಹರಿದುಬರುತ್ತವೆ. ಆಹಾರ ಹದವಾಗಿ ತೇವಗೊಳ್ಳಲು, ಜೀರ್ಣವಾಗಲು ಈ ಸ್ರಾವವೂ ಬೇಕು. ಆರೋಗ್ಯವಂತರಲ್ಲಿ ಸ್ರಾವಕ್ಕಿಂತ ಹೀರಿಕೆಯ ಕೈ ಸದಾ ಮೇಲಾಗಿರುತ್ತದೆ. ತಕ್ಕಡಿ ಸ್ವಲ್ಪ ಆಚೆ ವಾಲಿದರೂ ಭೇದಿಯಾಗುತ್ತದೆ. ಪೂರ್ತಿ ವಾಲಿದರೆ ಪ್ರಾಣಕ್ಕೇ ಕುತ್ತು.

ಮೊಲದ ಕರುಳು ಮತ್ತು ಎರಡು ರೇಷ್ಮೆ ದಾರ

ಕೋಶಗಳ ಒಳಗಿನ ಈ ವಿವರಗಳೆಲ್ಲ 1950ರ ದಶಕದ ಆರಂಭದಲ್ಲಿ ತಿಳಿದಿರಲಿಲ್ಲ. ಡೇ ಅವರ ಬಳಿ ಭಾರೀ ಉಪಕರಣಗಳೂ ಇರಲಿಲ್ಲ. ಅವರು ತಮ್ಮ ಸಹೋದ್ಯೋಗಿ ಡಿ. ಎನ್. ಚಟರ್ಜಿಯವರೊಡನೆ ಕೈಗೊಂಡ ಪ್ರಯೋಗಕ್ಕೆ ಬೇಕಾದದ್ದು ಒಂದು ಮೊಲ, ಅರಿವಳಿಕೆ, ಶಸ್ತ್ರಕ್ರಿಯೆಯ ಸಾಮಾನು ಮತ್ತು ರೇಷ್ಮೆ ದಾರ.

ಮೊಲಕ್ಕೆ ಅರಿವಳಿಕೆ ಕೊಟ್ಟು ಹೊಟ್ಟೆ ತೆರೆದು, ಸಣ್ಣ ಕರುಳಿನ ಸುಮಾರು 4 ಅಂಗುಲ ಉದ್ದದ ಭಾಗವನ್ನು ಎರಡೂ ಕಡೆ ದಾರದಿಂದ ಬಿಗಿದು ಕಟ್ಟಿದರು. ರಕ್ತನಾಳಗಳಿಗೆ ಧಕ್ಕೆಯಾಗದಂತೆ ನೋಡಿಕೊಂಡು, ಆ ಮುಚ್ಚಿದ ಕುಣಿಕೆಯೊಳಗೆ ಕಾಲರಾ ರೋಗಾಣುಗಳನ್ನು ಬೆಳೆಸಿದ ದ್ರವವನ್ನು ಒಂದು ಮಿಲಿಲೀಟರಿನಷ್ಟು ಸೇರಿಸಿದರು. ಹೋಲಿಕೆಗಾಗಿ ಕಟ್ಟಿದ ಇನ್ನೊಂದು ಕುಣಿಕೆಗೆ ರೋಗಾಣುವಿಲ್ಲದ ದ್ರವವನ್ನಷ್ಟೇ ಹಾಕಿದರು. ಹೊಟ್ಟೆಯನ್ನು ಹೊಲಿದು ಒಂದು ದಿನ ಕಾದರು. ಮರುದಿನ ನೋಡಿದಾಗ ರೋಗಾಣುವಿಲ್ಲದ ಕುಣಿಕೆ ಮೊದಲಿನಂತೆಯೇ ಚಪ್ಪಟೆಯಾಗಿತ್ತು. ರೋಗಾಣು ಸೇರಿಸಿದ ಕುಣಿಕೆ ದ್ರವ ತುಂಬಿ ಬಿಗಿದುಕೊಂಡು ಉಬ್ಬಿತ್ತು. ಒಳಗಿದ್ದದ್ದು ಕಾಲರಾ ವಾರ್ಡಿನಲ್ಲಿ ಅವರು ನಿತ್ಯ ನೋಡುತ್ತಿದ್ದ ಅದೇ ಅಕ್ಕಚ್ಚಿನಂಥ ನೀರು.

ಈ ಲೇಖನ 1953ರಲ್ಲಿ ರೋಗವಿಜ್ಞಾನದ ಪ್ರಮುಖ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಕಾಲರಾದ ಮುಖ್ಯ ಲಕ್ಷಣವನ್ನು ಪ್ರಯೋಗಾಲಯದಲ್ಲಿ, ಬೇಕೆಂದಾಗಲೆಲ್ಲ, ಅಳತೆಗೆ ಸಿಗುವಂತೆ ಹುಟ್ಟಿಸುವ ಸುಲಭ ವಿಧಾನ ಈಗ ಕೈಗೆ ಬಂದಿತ್ತು. ಇಂಥದೇ ಪ್ರಯೋಗವನ್ನು 1915ರಲ್ಲಿ, ಅಂದರೆ ಡೇ ಅವರು ಹುಟ್ಟಿದ ವರ್ಷದಲ್ಲಿ, ಇಬ್ಬರು ವಿಜ್ಞಾನಿಗಳು ಮಾಡಿ ಫ್ರೆಂಚ್ ಭಾಷೆಯಲ್ಲಿ ವರದಿ ಮಾಡಿದ್ದರು. ಅದನ್ನು ಜಗತ್ತು ಮರೆತುಬಿಟ್ಟಿತ್ತು. ಡೇ ಅವರ ಕೈಯಲ್ಲಿ ಆ ವಿಧಾನ ಮರುಹುಟ್ಟು ಪಡೆದು, ಒಂದರ ಮೇಲೊಂದು ಪ್ರಶ್ನೆಗೆ ಉತ್ತರ ಕೊಡುವ ಸಾಧನವಾಯಿತು. 1956ರಲ್ಲಿ ಅವರು ಅತಿಸಾರದ ರೋಗಿಗಳಿಂದ ಪಡೆದ ಕೋಲಿ ಬ್ಯಾಕ್ಟೀರಿಯಾಗಳ ಕೆಲವು ತಳಿಗಳೂ ಮೊಲದ ಕರುಳನ್ನು ಹೀಗೆಯೇ ಉಬ್ಬಿಸುತ್ತವೆಂದು ತೋರಿಸಿದರು. ಮಕ್ಕಳನ್ನೂ ಪ್ರವಾಸಿಗರನ್ನೂ ಕಾಡುವ ಭೇದಿಯ ಒಂದು ದೊಡ್ಡ ವರ್ಗದ ಅಧ್ಯಯನಕ್ಕೆ ಇದು ನಾಂದಿಯಾಯಿತು.

1959ರ ಆ ಪುಟ್ಟ ಲೇಖನ

1955ರಲ್ಲಿ ಡೇ ಅವರು ಕಲ್ಕತ್ತಾ ಮೆಡಿಕಲ್ ಕಾಲೇಜಿನ ರೋಗವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ಬೋಧನೆ, ಆಡಳಿತ, ಆಸ್ಪತ್ರೆಯ ಕೆಲಸಗಳ ನಡುವೆಯೂ ಒಂದು ಪ್ರಶ್ನೆ ಅವರ ಬೆನ್ನು ಬಿಟ್ಟಿರಲಿಲ್ಲ. ಕರುಳಿನಿಂದ ನೀರು ಹರಿಸುವುದು ರೋಗಾಣುವೇ ಅಥವಾ ಅದು ಹೊರಬಿಡುವ ಯಾವುದೋ ವಸ್ತುವೇ?

ಇದಕ್ಕೂ ಅವರು ಸರಳವಾದ ದಾರಿಯನ್ನೇ ಹಿಡಿದರು. ರೋಗಾಣುಗಳನ್ನು ಬೆಳೆಸಿದ ದ್ರವವನ್ನು ಅತಿ ಸೂಕ್ಷ್ಮ ರಂಧ್ರಗಳ ಶೋಧಕದಲ್ಲಿ ಸೋಸಿ, ಒಂದು ರೋಗಾಣುವೂ ಉಳಿಯದಂತೆ ಮಾಡಿ, ಆ ತಿಳಿಯನ್ನು ಮೊಲದ ಕರುಳಿನ ಕುಣಿಕೆಗೆ ಹಾಕಿದರು. ಕುಣಿಕೆ ಉಬ್ಬಿತು. ರೋಗಾಣುವಿಲ್ಲದೆಯೇ ಕಾಲರಾದ ನೀರು ಬಂದಿತ್ತು. ಅಂದರೆ ಆ ರೋಗಾಣು ಬದುಕಿರುವಾಗಲೇ ಸುತ್ತಲಿನ ದ್ರವಕ್ಕೆ ಒಂದು ವಿಷವನ್ನು ಬಿಡುತ್ತದೆ. ಆ ವಿಷಕ್ಕೆ ಕರುಳೇ ಗುರಿ. ಕಾಕ್ ಅವರ ಊಹೆಗೆ 75 ವರ್ಷಗಳ ಬಳಿಕ ಪುರಾವೆ ದೊರೆತಂತಾಯಿತು. ಈ ಫಲಿತಾಂಶ 1959ರ ಮೇ 30ರ ನೇಚರ್ ಸಂಚಿಕೆಯಲ್ಲಿ ಪುಟ್ಟ ಲೇಖನವಾಗಿ ಹೊರಬಂತು. ಲೇಖಕರ ಸ್ಥಾನದಲ್ಲಿದ್ದುದು ಡೇ ಅವರ ಹೆಸರೊಂದೇ.

ಮುಂಬಯಿಯಲ್ಲಿ ನೆಲೆಸಿರುವ ನಮಗೆ ಆಸಕ್ತಿಯುಂಟುಮಾಡುವ ಸಂಗತಿಯೊಂದು ಇಲ್ಲಿದೆ. ಅದೇ 1959ರಲ್ಲಿ ನಮ್ಮ ಪರೇಲಿನ ಹಾಫ್ಕಿನ್ ಸಂಸ್ಥೆಯಲ್ಲಿ ಎನ್. ಕೆ. ದತ್ತ, ಎಂ. ವಿ. ಪಾನ್ಸೆ ಮತ್ತು ಡಿ. ಆರ್. ಕುಲಕರ್ಣಿಯವರು ಮೊಲದ ಎಳೆಯ ಮರಿಗಳ ಮೇಲೆ ಬೇರೆಯೇ ರೀತಿಯ ಪ್ರಯೋಗ ನಡೆಸಿ, ಕಾಲರಾ ಭೇದಿಗೆ ವಿಷವೇ ಕಾರಣವೆಂಬುದನ್ನು ಸ್ವತಂತ್ರವಾಗಿ ತೋರಿಸಿದರು. ಭಾರತದ ಎರಡು ನಗರಗಳು ಒಂದೇ ವರ್ಷದಲ್ಲಿ ಒಂದೇ ಸತ್ಯವನ್ನು ಎರಡು ದಾರಿಗಳಿಂದ ತಲುಪಿದ್ದವು.

ವಿಷ ಮಾಡುವ ಕೆಲಸ

ಮುಂದಿನ ಕೆಲಸ ಜಗತ್ತಿನ ಹಲವು ಪ್ರಯೋಗಾಲಯಗಳಲ್ಲಿ ನಡೆಯಿತು. ಬ್ಯಾಂಕಾಕಿನ ಕಾಲರಾ ರೋಗಿಗಳ ಕರುಳಿನ ಚೂರುಗಳನ್ನು ಪರೀಕ್ಷಿಸಿದ ತಂಡವೊಂದು 1960ರಲ್ಲಿ, ಒಳಪೊರೆ ಸುಲಿದುಹೋಗಿರುವುದಿಲ್ಲ, ಅದು ಇಡಿಯಾಗಿಯೇ ಇರುತ್ತದೆ ಎಂದು ತೋರಿಸಿತು. 1969ರಲ್ಲಿ ಅಮೆರಿಕದಲ್ಲಿ ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸಲಾಯಿತು. ಅದರ ಒಂದು ಭಾಗ ಕರುಳಿನ ಜೀವಕೋಶಕ್ಕೆ ಅಂಟಿಕೊಳ್ಳುತ್ತದೆ, ಇನ್ನೊಂದು ಭಾಗ ಒಳಗೆ ನುಸುಳುತ್ತದೆ. ಒಳಹೊಕ್ಕ ಭಾಗ ಜೀವಕೋಶದ ಒಂದು ಸ್ವಿಚ್ಚನ್ನು ಮತ್ತೆ ಆರದಂತೆ ಹೊತ್ತಿಸಿಬಿಡುತ್ತದೆ. ಆಗ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ರಾಸಾಯನಿಕ ಕೋಶದಲ್ಲಿ ವಿಪರೀತವಾಗಿ ಹೆಚ್ಚುತ್ತದೆ. ಕುಳಿಗಳ ಕ್ಲೋರೈಡ್ ಬಾಗಿಲುಗಳು ತೆರೆದೇ ಉಳಿಯುತ್ತವೆ. ಸೋಡಿಯಂ ಕ್ಲೋರೈಡಿನೊಡನೆ ಒಳಬರುವ ಬಾಗಿಲು ಮುಚ್ಚಿಕೊಳ್ಳುತ್ತದೆ. ಹೊರಕ್ಕೆ ಹರಿಯುವ ಉಪ್ಪಿನ ಹಿಂದೆ ನೀರು ಹೊಳೆಯಾಗುತ್ತದೆ. ಅದರೊಡನೆ ಪೊಟ್ಯಾಸಿಯಂ, ಬೈಕಾರ್ಬೊನೇಟುಗಳೂ ಹೋಗುವುದರಿಂದ ರೋಗಿಗೆ ಸ್ನಾಯುಸೆಳೆತ ಬರುತ್ತದೆ, ರಕ್ತದಲ್ಲಿ ಆಮ್ಲ ಏರುತ್ತದೆ.

ರಕ್ತನಾಳಗಳ ಗೋಡೆ ಸಡಿಲಗೊಂಡು ನೀರು ಜಿನುಗುತ್ತದೆ ಎಂದು ಡೇ ಅವರು ಆರಂಭದಲ್ಲಿ ಭಾವಿಸಿದ್ದರು. ಈ ವಿವರಣೆಯನ್ನು ಮುಂದಿನ ಸಂಶೋಧನೆ ತಿದ್ದಿತು. ನೀರು ಸೋರುವುದಿಲ್ಲ, ಜೀವಕೋಶಗಳೇ ಅದನ್ನು ಸ್ರವಿಸುತ್ತವೆ ಎಂಬುದು ಈಗ ಸ್ಥಿರಪಟ್ಟಿದೆ. ಆದರೆ ಹೀಗೆ ತಿದ್ದುವುದಕ್ಕೂ ಡೇ ಅವರು ತೆರೆದಿಟ್ಟ ದಾರಿಯಲ್ಲೇ ನಡೆಯಬೇಕಾಯಿತು.

ಉಪ್ಪು, ಸಕ್ಕರೆ, ನೀರು

ವಿಷ ಎಷ್ಟೇ ಕ್ರೂರವಾಗಿದ್ದರೂ ಒಂದು ಬಾಗಿಲನ್ನು ಅದು ಮುಟ್ಟುವುದಿಲ್ಲ. ಸೋಡಿಯಂ ಗ್ಲೂಕೋಸಿನ ಕೈಹಿಡಿದು ಬರುವ ಬಾಗಿಲು ಕಾಲರಾದಲ್ಲೂ ತೆರೆದೇ ಇರುತ್ತದೆ. ಬರಿಯ ಉಪ್ಪುನೀರು ಕುಡಿಸಿದರೆ ನಿಲ್ಲದ ರೋಗಿ, ಹದವಾಗಿ ಸಕ್ಕರೆ ಬೆರೆತ ಉಪ್ಪುನೀರನ್ನು ಕುಡಿಸಿದರೆ ಚೇತರಿಸಿಕೊಳ್ಳುವುದು ಇದರಿಂದಲೇ. 1960ರ ದಶಕದ ಕೊನೆಯಲ್ಲಿ ಢಾಕಾ ಮತ್ತು ಕಲ್ಕತ್ತೆಗಳಲ್ಲಿ ಇದು ಸಿದ್ಧವಾಯಿತು. 1971ರಲ್ಲಿ ಬಾಂಗ್ಲಾ ನಿರಾಶ್ರಿತರಿಂದ ತುಂಬಿದ್ದ ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಅವರು ಡ್ರಮ್ಮುಗಳಲ್ಲಿ ಈ ದ್ರಾವಣವನ್ನು ತುಂಬಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇಕಡಾ 30ರಷ್ಟಿದ್ದ ಸಾವು ಶೇಕಡಾ 4ಕ್ಕಿಂತ ಕೆಳಗಿಳಿಯಿತು.

ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಒಪ್ಪಿದ ಓಆರ್‌ಎಸ್ ಸೂತ್ರದಂತೆ ಒಂದು ಲೀಟರ್ ನೀರಿಗೆ 2.6 ಗ್ರಾಂ ಅಡುಗೆ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಲವಣ ಇರಬೇಕು. ಪೊಟ್ಟಣ ಸಿಗದಿದ್ದಾಗ ಒಂದು ಲೀಟರ್ ಶುದ್ಧ ನೀರಿಗೆ 6 ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಕೊಡಬಹುದು. ಸಕ್ಕರೆ ಹೆಚ್ಚಾದರೆ ಅದೇ ನೀರನ್ನು ಕರುಳಿನೊಳಕ್ಕೆ ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ. ಆದುದರಿಂದ ಸಿಹಿ ಪಾನೀಯಗಳು ಓಆರ್‌ಎಸ್‌ಗೆ ಬದಲಿಯಲ್ಲ. ಈ ಸೂತ್ರಕ್ಕೆ ಹೊಂದದ ಪಾನೀಯಗಳು ಓಆರ್‌ಎಸ್ ಎಂಬ ಹೆಸರನ್ನು ಬಳಸಬಾರದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2025ರಲ್ಲಿ ಆದೇಶಿಸಿತು. ಮಗುವಿಗೆ ಭೇದಿಯಾದಾಗ ಪೊಟ್ಟಣದ ಮೇಲಿನ ಬರಹವನ್ನು ಓದಿ ಕೊಳ್ಳುವುದು ಲೇಸು. ಮಗು ಮಂಕಾದರೆ, ಕುಡಿದದ್ದು ನಿಲ್ಲದಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಮರೆವು ಮತ್ತು ಮನ್ನಣೆ

ಡೇ ಅವರು 1961ರಲ್ಲಿ ಕಾಲರಾದ ಕುರಿತು ಬರೆದ ಗ್ರಂಥ ಎಡಿನ್‌ಬರೋದಲ್ಲಿ ಪ್ರಕಟವಾಯಿತು. ಆದರೆ ತಾವು ಕಂಡ ವಿಷವನ್ನು ಶುದ್ಧೀಕರಿಸಿ ಮುಂದಕ್ಕೊಯ್ಯುವ ಭಾಗ್ಯ ಅವರದಾಗಲಿಲ್ಲ. ಆ ಕೆಲಸ ಹೆಚ್ಚಿನ ಸೌಕರ್ಯಗಳಿದ್ದ ಹೊರದೇಶದ ಪ್ರಯೋಗಾಲಯಗಳ ಪಾಲಾಯಿತು. 1973ರಲ್ಲಿ, ತಮ್ಮ 58ನೆಯ ವಯಸ್ಸಿನಲ್ಲಿ, ಅವರು ಕಾಲೇಜಿನಿಂದ ನಿವೃತ್ತರಾದರು. ಅಷ್ಟರಲ್ಲಿ ಅವರ ಕುಣಿಕೆ ಪ್ರಯೋಗ ಅನೇಕ ದೇಶಗಳ ಪ್ರಯೋಗಾಲಯಗಳಲ್ಲಿ ಬಳಕೆಗೆ ಬಂದಿತ್ತು. ಅವರ ಹೆಸರು ಮಾತ್ರ ಸ್ವದೇಶದಲ್ಲಿ ಹೆಚ್ಚು ಜನರಿಗೆ ತಿಳಿದಿರಲಿಲ್ಲ.

1978ರಲ್ಲಿ ನೊಬೆಲ್ ಪ್ರತಿಷ್ಠಾನ ಕಾಲರಾ ಮತ್ತು ಸಂಬಂಧಿತ ಅತಿಸಾರಗಳ ಬಗೆಗೆ ಏರ್ಪಡಿಸಿದ ವಿಚಾರ ಸಂಕಿರಣಕ್ಕೆ ಅವರನ್ನು ಆಹ್ವಾನಿಸಿತು. 1960ರ ದಶಕದ ಆರಂಭದಿಂದ ತಾವು ವಿಜ್ಞಾನದ ಪಾಲಿಗೆ ಇಲ್ಲವಾಗಿದ್ದೆವೆಂದೂ, ಈ ಆಹ್ವಾನ ತಮ್ಮನ್ನು ಸಮಾಧಿಯಿಂದ ಹೊರತೆಗೆದಂತಾಯಿತೆಂದೂ ಅವರು ಅಲ್ಲಿ ಹೇಳಿಕೊಂಡರು. ನೊಬೆಲ್ ಪುರಸ್ಕೃತ ಜೋಶುವಾ ಲೆಡರ್‌ಬರ್ಗ್ ಅವರು ಡೇ ಅವರ ಹೆಸರನ್ನು ನೊಬೆಲ್ ಪಾರಿತೋಷಕಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಸೂಚಿಸಿದ್ದರು. ಪಾರಿತೋಷಕ ಬರಲಿಲ್ಲ. ಭಾರತದ ವಿಜ್ಞಾನ ಅಕಾಡೆಮಿಗಳು ಅವರನ್ನು ಫೆಲೋ ಆಗಿ ಆರಿಸಲೂ ಇಲ್ಲ, ದೇಶದ ದೊಡ್ಡ ಪ್ರಶಸ್ತಿಯೊಂದೂ ಅವರನ್ನು ಹುಡುಕಿಕೊಂಡು ಬರಲಿಲ್ಲ. 1985ರ ಏಪ್ರಿಲ್ 15ರಂದು, 70ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಆ ಋಣವನ್ನು ತುಸುವಾದರೂ ತೀರಿಸುವ ಯತ್ನ ನಡೆದದ್ದು ಬೆಂಗಳೂರಿನಿಂದ ಎಂಬುದು ಕನ್ನಡಿಗರಿಗೆ ಸಮಾಧಾನದ ಮಾತು. ಅಲ್ಲಿಂದ ಪ್ರಕಟವಾಗುವ ಕರೆಂಟ್ ಸೈನ್ಸ್ ಪತ್ರಿಕೆ 1990ರಲ್ಲಿ ಡೇ ಅವರ ಜೀವನ ಮತ್ತು ಸಾಧನೆಗೆ ಮೀಸಲಾದ ವಿಶೇಷ ಸಂಚಿಕೆಯನ್ನು ತಂದಿತು. ಲೆಡರ್‌ಬರ್ಗ್ ಅವರೂ ಅದಕ್ಕೆ ಬರೆದರು. ಜೀವಂತವಿದ್ದಾಗ ಇಂಥವರನ್ನು ಗುರುತಿಸದೆ ಹೋದದ್ದು ದೇಶದ ವಿಜ್ಞಾನರಂಗಕ್ಕೆ ಕುಂದು ಎಂಬುದನ್ನು ಆ ಸಂಚಿಕೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿತು.

ಡೇ ಅವರಿಗೆ ದೊರೆತ ಸಾಧನಗಳು ಆ ಕಾಲದ ಯಾವುದೇ ಮೆಡಿಕಲ್ ಕಾಲೇಜಿನಲ್ಲೂ ಇದ್ದಂಥವು. ಉಳಿದವರು ರೋಗವನ್ನು ರಕ್ತದಲ್ಲಿ ಅರಸುತ್ತಿದ್ದಾಗ, ಅವರು ರೋಗಿಯ ಹಾಸಿಗೆಯ ಬಳಿ ಕಂಡದ್ದನ್ನೇ ನಂಬಿ ಕರುಳಿನ ಕಡೆಗೆ ತಿರುಗಿದರು. ಭೇದಿಯಿಂದ ಬಳಲಿದ ಮಗುವಿಗೆ ತಾಯಿ ಇಂದು ಚಮಚ ಚಮಚವಾಗಿ ಕುಡಿಸುವ ಉಪ್ಪು-ಸಕ್ಕರೆಯ ನೀರಿನ ಹಿಂದೆ ಅನೇಕರ ದುಡಿಮೆಯಿದೆ. ಹೂಗ್ಲಿಯ ಹಳ್ಳಿಯಿಂದ ಬಂದ ಈ ಮಿತಭಾಷಿ ವೈದ್ಯರದೂ ಅದರಲ್ಲಿ ಒಂದು ಪಾಲು.